ಅಕ್ಕಿಮುಡಿಯ ಲೆಕ್ಕ: ಗೇಣಿಯ ನಾಡಿನಲ್ಲಿ ಭೂಸುಧಾರಣೆ

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನೆಂದೂ, ಲಕ್ಕಮ್ಮನು ಅದನ್ನು ಮನೆಗೆ ಸೇರಿಸದೆ ಹಿಂದಕ್ಕೆ ಕಳುಹಿಸಿದಳೆಂದೂ ಶರಣಚರಿತೆಯನ್ನು ಬಲ್ಲವರೆಲ್ಲ ಅರಿತಿದ್ದಾರೆ. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಿರಾಸೆಯ ನಿದರ್ಶನವೆಂದು ವಿವರಿಸುತ್ತೇವೆ. ಆದರೆ ಇದರೊಳಗೆ ಇನ್ನೊಂದು ಪ್ರಶ್ನೆಯೂ ಇದೆ. ದುಡಿದವನ ದಿನದ ಅಗತ್ಯವನ್ನು ಮೀರಿದ ಅಕ್ಕಿ ಯಾರಿಗೆ ಸೇರತಕ್ಕದ್ದು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗದ್ದೆಗಳಲ್ಲಿ ಈ ಪ್ರಶ್ನೆ ತಲೆಕೆಳಗಾಗಿ ನಿಂತಿತ್ತು. ಅಲ್ಲಿ ಉಳುವವನ ಅಗತ್ಯಕ್ಕೆ ಮೊದಲೇ ಧಣಿಯ ಪಾಲಿನ ಮುಡಿಗಳು ಕಟ್ಟಲ್ಪಡುತ್ತಿದ್ದುವು.

ಬೈಹುಲ್ಲಿನಿಂದ ಬಿಗಿದ ಅಕ್ಕಿಮುಡಿಯೇ ಆ ಸೀಮೆಯಲ್ಲಿ ಗೇಣಿಯ ಅಳತೆ. ಮೂಲಗೇಣಿಯವನಿಗೆ ಭೂಮಿ ಶಾಶ್ವತ, ಗೇಣಿ ನಿಶ್ಚಿತ. ಚಾಲಗೇಣಿಯವನಿಗೆ ಇವೆರಡೂ ಇಲ್ಲ. ಧಣಿಯ ಮನಸ್ಸು ತಿರುಗಿದರೆ ಗದ್ದೆಯೂ ಹೋಯಿತು, ಗದ್ದೆಯಂಚಿನ ಮನೆಯೂ ಹೋಯಿತು. ಮೂಲಗೇಣಿ ಪಡೆದವರಲ್ಲಿ ಹಲವರು ತಾವೇ ಮತ್ತೊಬ್ಬರಿಗೆ ಚಾಲಗೇಣಿಗೆ ಕೊಟ್ಟುದರಿಂದ ಒಂದೇ ಪೈರಿನ ಮೇಲೆ ಮೂವರ ಕಣ್ಣು. ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಲ್ಲ ಬೈಲುಗದ್ದೆಯನ್ನು ಉಳುತ್ತಿದ್ದವನೂ ಮಳೆಗಾಲದಲ್ಲಿ ಧಣಿಯ ಮನೆಯಿಂದಲೇ ಅಕ್ಕಿ ಸಾಲ ತರುವ ಸ್ಥಿತಿ ಅಪರೂಪದ್ದಾಗಿರಲಿಲ್ಲ. ಧಣಿಗಳೆಲ್ಲ ಕ್ರೂರಿಗಳೆಂದು ಹೇಳುವುದು ನ್ಯಾಯವಲ್ಲ. ಒಕ್ಕಲಿನ ಮದುವೆ, ಕಾಯಿಲೆಗಳಿಗೆ ಒದಗಿದವರೂ ಇದ್ದರು. ಆದರೆ ದಯೆಯ ಮೇಲೆ ನಿಂತ ಬಾಳು ದಯೆ ಇರುವವರೆಗೆ ಮಾತ್ರ.

1961ರ ಕರ್ನಾಟಕ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬಂದರೂ ಅದರ ಸಂದುಗಳಲ್ಲಿ ಧಣಿಗಳು ಸುಲಭವಾಗಿ ನುಸುಳಿದರು. ಸ್ವಂತ ಸಾಗುವಳಿಯ ನೆಪದಲ್ಲಿ ಭೂಮಿಯನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ಅವಕಾಶವಿತ್ತು. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಗೇಣಿದಾರರ ವಶದಲ್ಲಿದ್ದ ಭೂಮಿ ಅಂದಿನಿಂದ ಸರಕಾರಕ್ಕೆ ಸೇರಿತು. ಉಳುವವನು ಒಡೆತನ ಬೇಡಿ ಅರ್ಜಿ ಹಾಕಬೇಕಾಯಿತು. ಅರ್ಜಿಗಳ ತೀರ್ಮಾನಕ್ಕೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಏರ್ಪಟ್ಟುವು. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು, ನಾಲ್ವರು ನಾಮಕರಣಗೊಂಡ ಸದಸ್ಯರು; ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಈ ಫಲ ಬೆಂಗಳೂರಿನಿಂದ ತಾನಾಗಿ ಉದುರಿದುದಲ್ಲ. 1972ರಲ್ಲಿ ಬಂಟ್ವಾಳದಿಂದ ಆರಿಸಿಬಂದ ಬಿ. ವಿ. ಕಕ್ಕಿಲ್ಲಾಯರಂಥವರು ಗೇಣಿದಾರರನ್ನು ಸಂಘಟಿಸಿದ ದೀರ್ಘ ಹೋರಾಟ ಇದರ ಹಿಂದಿದೆ. ಎರಡನೆಯ ಮಹಾಯುದ್ಧದ ಬಳಿಕ ಜಪಾನಿನಲ್ಲಿ, 1970ರಿಂದ ನೆರೆಯ ಕೇರಳದಲ್ಲಿ ನಡೆದ ಪ್ರಯೋಗಗಳ ಸಾಲಿಗೇ ಇದೂ ಸೇರುತ್ತದೆ.

ಅರ್ಜಿಯ ಹೆಸರು ನಮೂನೆ 7. ನಾನಾಗ ಪ್ರೌಢಶಾಲೆಯ ಹುಡುಗ. ಅಕ್ಷರ ಬಲ್ಲವನೆಂದು ನೆರೆಹೊರೆಯವರು ನನ್ನಿಂದಲೂ ಅದನ್ನು ತುಂಬಿಸಿಕೊಂಡರು. ಸರ್ವೆ ನಂಬರು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಬಾಕಿಮಾರು ಗದ್ದೆ, ಕಂಬಳದ ಗದ್ದೆ, ಹಲಸಿನ ಮರದ ಬುಡದ ಗದ್ದೆ, ಹೀಗೆ ಅವರಿಗೆ ಹೆಸರುಗಳು ಗೊತ್ತು. ಯಾವ ಮೂಲೆಯಲ್ಲಿ ಎಷ್ಟು ಕೆಸರು ಎಂಬುದೂ ಗೊತ್ತು. ಗೇಣಿ ಕೊಟ್ಟುದಕ್ಕೆ ರಸೀದಿಯೂ ಇರಲಿಲ್ಲ. ಧಣಿಗೆ ಎದುರಾಗಿ ಸಾಕ್ಷಿ ನುಡಿಯಲು ನೆರೆಯವನೂ ಹಿಂಜರಿಯುತ್ತಿದ್ದ. ಒಬ್ಬ ವೃದ್ಧರಂತೂ ಹೆಬ್ಬೆಟ್ಟು ಒತ್ತುವ ಮುನ್ನ, ಧಣಿಗಳಿಗೆ ಒಂದು ಮಾತು ಹೇಳಿ ಬರುತ್ತೇನೆಂದು ಹೊರಟು ನಿಂತಿದ್ದರು. ಅವರನ್ನು ತಡೆದದ್ದು ಸೊಸೆ. ಅರ್ಜಿ ಸಲ್ಲಿಸುವ ಅವಧಿ ಮತ್ತೆ ಮತ್ತೆ ವಿಸ್ತರಿಸಿ 1979ರ ಜೂನ್ 30ರವರೆಗೆ ನಡೆಯಿತು. ರಾಜ್ಯದಲ್ಲಿ ಬಂದ ಅರ್ಜಿಗಳು 8 ಲಕ್ಷಕ್ಕೂ ಮಿಕ್ಕಿದ್ದುವು. ಗೇಣಿಯೇ ಪ್ರಧಾನವಾಗಿದ್ದ ಕರಾವಳಿಯಲ್ಲಿ ಇದರ ಪರಿಣಾಮ ಬಹಳ ಆಳವಾಗಿ ಇಳಿಯಿತು.

ಮಠದ ಪತ್ರಿಕೆಯಲ್ಲಿ ಬರೆಯುವಾಗ ಒಂದು ಸಂಗತಿಯನ್ನು ಮುಚ್ಚಿಡಲಾಗದು. ಬಸದಿ, ದೇವಸ್ಥಾನ, ಮಠಗಳೂ ಧಣಿಗಳೇ ಆಗಿದ್ದುವು. ಅವುಗಳ ಗೇಣಿಭೂಮಿಯೂ ಹೋಯಿತು. ಪ್ರತಿಯಾಗಿ ವರ್ಷಾಸನ ಗೊತ್ತಾಯಿತು. ದೇವರ ಭೂಮಿಯನ್ನು ಕಿತ್ತರೆಂಬ ನೋವಿನ ಮಾತು ಆಗ ಕೇಳಿಬಂದಿತು, ಈಗಲೂ ಕೇಳಿಬರುತ್ತದೆ. ದೀಪದ ಎಣ್ಣೆಗೂ ಕಷ್ಟವಾದ ಗುಡಿಗಳಿದ್ದುವೆಂಬುದು ಸುಳ್ಳಲ್ಲ. ಆದರೂ ದಾಸೋಹವು ಕಾಯಕದಿಂದ ಬಂದುದಾಗಿರಬೇಕೆಂಬ ಶರಣರ ನಿಬಂಧನೆಯನ್ನು ಒಪ್ಪುವ ನಾವು, ಪರರ ಕಾಯಕದ ಮುಡಿಯಿಂದ ನಡೆದ ನೈವೇದ್ಯಕ್ಕಾಗಿ ಹೆಚ್ಚು ಮರುಗುವುದು ಹೇಗೆ? ಲಕ್ಕಮ್ಮ ಅಕ್ಕಿಯನ್ನು ಹಿಂದಿರುಗಿಸಿದ್ದು ಮಹಾಮನೆಯ ಅಂಗಳಕ್ಕೆ. ಇಲ್ಲಿ ಮಹಾಮನೆಗಳೇ ಹಿಂದಿರುಗಿಸಬೇಕಾಗಿ ಬಂದಿತು.

ಕಾಯಿದೆಯ ದೊಡ್ಡ ಕೊರತೆ ಬೇರೆಡೆ ಇದೆ. ಅದು ಗೇಣಿಯ ಸಂಬಂಧವನ್ನು ಕೇಳಿತು; ಕೂಲಿಗೆ ಅದೇ ಗದ್ದೆಯನ್ನು ಉತ್ತವನನ್ನೂ ನಟ್ಟವಳನ್ನೂ ಹೆಚ್ಚಾಗಿ ಕೇಳಲಿಲ್ಲ. ಧಣಿಯ ನೆಲದಲ್ಲಿ ಗುಡಿಸಲು ಕಟ್ಟಿದ್ದ ಕೃಷಿಕಾರ್ಮಿಕನಿಗೆ ಮನೆಯಡಿಯ ಹಕ್ಕು ದೊರಕಿಸಿಕೊಟ್ಟಿತು, ಇದೇನೂ ಅಲ್ಪವಲ್ಲ. ಆದರೆ ಗದ್ದೆ ಅವನಿಗೆ ಬರಲಿಲ್ಲ. ನಿನ್ನೆಯ ಒಕ್ಕಲು ಇಂದಿನ ಭೂಮಾಲಿಕನಾಗಿ ಬೈಲುಗದ್ದೆಯನ್ನು ಅಡಕೆ ತೋಟ ಮಾಡಿಕೊಂಡ. ಆಳು ಆಳಾಗಿಯೇ ಉಳಿದ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಹಣವುಳ್ಳ ಯಾರೂ ಆ ತೋಟವನ್ನು ಕೊಳ್ಳಬಹುದು. ನಾನು ನಮೂನೆ ತುಂಬಿಕೊಟ್ಟ ಆ ವೃದ್ಧರಿಗೆ ಬಾಕಿಮಾರು ಗದ್ದೆ ದಕ್ಕಿತು. ಅಲ್ಲಿ ನಾಟಿಗೆ ಬರುತ್ತಿದ್ದ ಹೆಂಗಸರ ಹೆಸರನ್ನು ಬರೆಯಲು ನಮೂನೆಯಲ್ಲಿ ಅಂಕಣವೇ ಇರಲಿಲ್ಲ.