ಆರು ಚುಕ್ಕೆಗಳು ತೋರಿದ ದಾರಿ



ಮೂರು ರಾಯರ ಹಬ್ಬದಂದು ನಾವು ದಾರಿ ತೋರಿದ ನಕ್ಷತ್ರವನ್ನು ನೆನೆಯುತ್ತೇವೆ. ಅದೇ ಜನವರಿ 6ರಂದು, 1852ರಲ್ಲಿ, ಪ್ಯಾರಿಸ್ ನಗರದಲ್ಲಿ ಒಬ್ಬ ಅಂಧ ಅಧ್ಯಾಪಕರು ಕ್ಷಯರೋಗದಿಂದ ತೀರಿಕೊಂಡರು. ಅವರಿಗೆ ಆಗ 43 ವರ್ಷ. ದೇವಾಲಯಗಳಲ್ಲಿ ಆರ್ಗನ್ ನುಡಿಸುತ್ತಿದ್ದ ಅವರ ಹೆಸರು ಲೂಯಿ ಬ್ರೈಲ್.

ಬ್ರೈಲರ ತಂದೆ ಕುದುರೆ ಜೀನು ಹೊಲಿಯುತ್ತಿದ್ದರು. ಮೂರನೆಯ ವಯಸ್ಸಿನಲ್ಲಿ, ಚರ್ಮ ಚುಚ್ಚುವ ಮೊನೆಯಿಂದ ಮಗುವಿನ ಕಣ್ಣಿಗೆ ಪೆಟ್ಟಾಯಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ ದೃಷ್ಟಿ ಪೂರ್ತಿ ಹೋಯಿತು. ಆದರೂ ಊರಿನ ಗುರುಗಳಾದ ಪಲ್ಲುಯಿ ಸ್ವಾಮಿಗಳು ಆ ಹುಡುಗನನ್ನು ಕೈಬಿಡಲಿಲ್ಲ. ಅವನು ಊರ ಶಾಲೆಯಲ್ಲಿ ಕಣ್ಣಿದ್ದ ಮಕ್ಕಳ ಜೊತೆಯಲ್ಲೇ ಕುಳಿತು, ಕೇಳಿ ಕಲಿತನು. 1819ರಲ್ಲಿ ಪ್ಯಾರಿಸ್ಸಿನ ಅಂಧರ ಶಾಲೆ ಸೇರಿದನು.

ಅಲ್ಲಿದ್ದ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಅಚ್ಚು ಮಾಡಿದ್ದರು. ಅವನ್ನು ಬೆರಳಿನಿಂದ ಓದುವುದು ನಿಧಾನ, ಬರೆಯುವುದಂತೂ ಆಗದ ಮಾತು. ಸೈನ್ಯಾಧಿಕಾರಿ ಬಾರ್ಬಿಯೆ ರೂಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವನ್ನು ಬ್ರೈಲ್ ಆರು ಚುಕ್ಕೆಗಳಿಗೆ ಇಳಿಸಿ, ಒಂದೊಂದು ಅಕ್ಷರ ಬೆರಳ ತುದಿಯಲ್ಲಿ ಹಿಡಿಸುವಂತೆ ಮಾಡಿದರು. 1829ರಲ್ಲಿ ಅದನ್ನು ಪ್ರಕಟಿಸಿದಾಗ ಅವರಿಗೆ ಇಪ್ಪತ್ತು ವರ್ಷ.

ಇಷ್ಟಾದರೂ 1840ರಲ್ಲಿ ಶಾಲೆಯ ಮುಖ್ಯಸ್ಥರಾದ ದ್ಯುಫೋ ಆ ಲಿಪಿಯನ್ನು ನಿಷೇಧಿಸಿದರು. ಅದು ಕಣ್ಣಿದ್ದವರ ಲಿಪಿಯಂತೆ ಇರಲಿಲ್ಲವೆಂಬುದೇ ತಕರಾರು. ಮಕ್ಕಳು ಮಾತ್ರ ಗುಟ್ಟಾಗಿ ಅದರಲ್ಲೇ ಬರೆದರು, ಓದಿದರು. ಫ್ರಾನ್ಸ್ ದೇಶ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಬ್ರೈಲ್ ತೀರಿಹೋದ ಎರಡು ವರ್ಷಗಳ ಮೇಲೆ. ಕಲಿಸುವವರಿಗೆ ಯಾವುದು ಅನುಕೂಲ ಎಂದು ನೋಡಿದರೇ ಹೊರತು, ಕಲಿಯುವ ಮಗುವಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ.

ನಮ್ಮ ನಾಡಿನಲ್ಲಿಯೂ ಈ ಬೆಳಕು ಹರಡಿತು. ಮೈಸೂರಿನಲ್ಲಿ 1901ರಲ್ಲೇ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆ ಆರಂಭವಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಭಾರತಿ ಬ್ರೈಲ್ ಬಂದಿತು. ಅದರಲ್ಲಿ ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಚುಕ್ಕೆಗಳು ಒಂದೇ.

ಇಂದು ಚುಕ್ಕೆಗಳ ಜೊತೆಗೆ ಗಣಕಯಂತ್ರವೂ ಸೇರಿದೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ'ಯನ್ನು ಸಿದ್ಧಪಡಿಸಿತು. ಅಚ್ಚಾದ ಕನ್ನಡ ಪುಟದ ಚಿತ್ರ ತೆಗೆದುಕೊಟ್ಟರೆ, ಅದು ಒತ್ತಕ್ಷರಗಳನ್ನೂ ಗುರುತಿಸಿ ಪಠ್ಯವನ್ನಾಗಿ ಮಾಡಿಕೊಡುತ್ತದೆ. ಆ ಪಠ್ಯವನ್ನು ಯಂತ್ರದಿಂದ ಓದಿಸಿ ಕೇಳಬಹುದು, ಬ್ರೈಲಿನಲ್ಲೂ ಮುದ್ರಿಸಬಹುದು.

ಅದೇ ಸಂಸ್ಥೆಯ ಎರಡನೆಯ ಆವರಣ ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಗೆ ಸಮೀಪದ ಕುದಾಪುರದಲ್ಲಿ. ಶಾಲಾ ಶಿಕ್ಷಕರು ವಿಜ್ಞಾನದ ತರಬೇತಿಗಾಗಿ ಅಲ್ಲಿಗೆ ಬರುತ್ತಾರೆ. ಜ್ಞಾನ ನಮ್ಮ ಬಾಗಿಲಿಗೇ ಬಂದಿರುವಾಗ, ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿರುವ ಮಗುವಿಗೆ ಅದು ತಲುಪುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕಲ್ಲವೇ?

ತಲುಪಿಸುವುದು ಬಹಳ ಕಷ್ಟವೇನೂ ಅಲ್ಲ. ಉದಾಹರಣೆಗೆ, ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಿಸಿದ ಪಾಠ ನಮ್ಮ ಕಣ್ಣಿಗೆ ಕನ್ನಡವಾಗಿಯೇ ಕಂಡರೂ, ಓದುವ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದೇ ಪಾಠ ಯೂನಿಕೋಡಿನಲ್ಲಿದ್ದರೆ ಅಂಧ ವಿದ್ಯಾರ್ಥಿಯೂ ಕೇಳಿ ಕಲಿಯಬಲ್ಲನು. ಮಂದದೃಷ್ಟಿಯ ಮಗುವಿಗೆ ದೊಡ್ಡ ಅಕ್ಷರ ಸಾಕಾಗಬಹುದು. ಶ್ರವಣಸಾಧನ ಹಾಕಿಕೊಂಡ ಮಗುವಿಗೆ, ಶಿಕ್ಷಕರ ಮುಖ ಕಾಣುವ ಮುಂದಿನ ಬೆಂಚೂ ಬೇಕಾಗಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಇಂಥ ಮಕ್ಕಳು ಎಲ್ಲರ ಜೊತೆ ಕಲಿಯುವುದನ್ನು ಹಕ್ಕೆಂದು ಒಪ್ಪಿದೆ. ಇದು ನಾವು ತೋರುವ ಕರುಣೆಯಲ್ಲ, ಆ ಮಗುವಿಗೆ ಸಲ್ಲಬೇಕಾದದ್ದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಆ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದರೆಂದೂ, ಮಾಡಿದವರಿಗೆ ಮಾಡಿದಷ್ಟು ನೀಡಬೇಕೆಂದು ಹೇಳಿದರೆಂದೂ ಅಲ್ಲಿನ ಜನ ಜಾತಿಭೇದವಿಲ್ಲದೆ ನೆನೆಯುತ್ತಾರೆ. ನ್ಯಾಯವಾದ ಮಾತು. ಆದರೆ ಮಣ್ಣು ಹೊರುವವನ ಕೈಗೆ ಬುಟ್ಟಿಯನ್ನೇ ಕೊಡದೆ, ಎಷ್ಟು ಹೊತ್ತೆ ಎಂದು ಲೆಕ್ಕ ಕೇಳಬಹುದೇ? ಓದುವ ಸಾಧನ ಕೊಡದೆ ಮಗುವಿನ ಅಂಕ ಎಣಿಸುವುದೂ ಹಾಗೆಯೇ.

ಹಬ್ಬದ ಈ ದಿನಗಳಲ್ಲಿ ನಮ್ಮ ಮನೆಯಲ್ಲಿ, ನೆರೆಮನೆಯಲ್ಲಿ, ಧರ್ಮಕೇಂದ್ರದಲ್ಲಿ ಅಂಥ ಮಗುವಿದ್ದರೆ ಅದರ ಪಕ್ಕ ಕುಳಿತು, "ನಿನಗೇನು ಬೇಕು, ಕಂದ?" ಎಂದು ಕೇಳೋಣ. ಉತ್ತರ ತಿಳಿದ ಮೇಲೆ ತಡಮಾಡದೆ ಶಾಲೆಯ ಬಾಗಿಲಿಗೆ ಹೋಗೋಣ.