ಲಾವಂಚದ ತಟ್ಟಿಯಿಂದ ಕೂಲರ್‌ವರೆಗೆ

ಅಮೆರಿಕದಲ್ಲಿರುವ ಮಗ ಚಳಿಗಾಲಕ್ಕೆ ಮುಂಚೆ ಹುಲ್ಲುಹಾಸಿನ ಸ್ಪ್ರಿಂಕ್ಲರ್ ಪೈಪುಗಳಿಗೆ ಗಾಳಿ ಹಾಯಿಸಿ ನೀರೆಲ್ಲ ತೆಗೆಸುತ್ತಾನೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ನಾಗಪುರದಲ್ಲಿ ಆ ಭಯವಿಲ್ಲ. 2018ರ ಡಿಸೆಂಬರ್ 29ರಂದು ಇಲ್ಲಿ ತಾಪಮಾನ 3.5 ಡಿಗ್ರಿಗೆ ಇಳಿದಾಗಲೂ ನೀರು ಹೆಪ್ಪುಗಟ್ಟಲಿಲ್ಲ. ಇಲ್ಲಿ ಖಾಲಿ ಮಾಡಬೇಕಾದ್ದು ಕೂಲರ್, ಅದೂ ಬೇಸಿಗೆ ಮುಗಿದ ಕೂಡಲೇ.

ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಬಜಾಜ್ ನಗರಕ್ಕೆ ಬಂದಾಗ ಕಿಟಕಿಗೊಂದು ತಗಡಿನ ಪೆಟ್ಟಿಗೆ ಕಂಡು ಬೆರಗಾಗಿದ್ದೆ. ಅದರೊಳಗಿನ ಉಪಾಯ ಮಾತ್ರ ಬಹಳ ಹಳೆಯದು. ಒದ್ದೆ ತಟ್ಟಿಯ ಮೂಲಕ ಹಾಯುವ ಒಣಗಾಳಿ ನೀರನ್ನು ಆವಿ ಮಾಡುತ್ತಾ ತಾನು ತಣ್ಣಗಾಗುತ್ತದೆ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲೇ ಖಸ್ ಬೇರಿನ ತಟ್ಟಿಗೆ ನೀರು ಹಾಕಿ ತಂಪು ಮಾಡಿಕೊಳ್ಳುವ ವಿವರವಿದೆ. ಖಸ್ ಅಂದರೆ ಬೇರೇನಲ್ಲ, ನಮ್ಮ ಲಾವಂಚ! ಬ್ರಿಟಿಷ್ ಅಧಿಕಾರಿಗಳೂ ಬಂಗಲೆಯ ಬಾಗಿಲುಗಳಿಗೆ ಅದನ್ನೇ ಕಟ್ಟಿಸಿದರು. ಆಮೇಲೆ ಫ್ಯಾನು, ಪಂಪು ಸೇರಿ ಕೂಲರ್ ಆಯಿತು.

ಮೊದಲ ವರ್ಷ ಮಳೆ ಬಿದ್ದ ಮೇಲೆ ನಾನು ಸ್ವಿಚ್ಚು ಆರಿಸಿ ಸುಮ್ಮನಾದೆ. ತಿಂಗಳೊಳಗೆ ಮನೆಯಾಕೆಗೆ ಡೆಂಗಿ. ನೋಡಿದರೆ ಕೂಲರಿನ ತೊಟ್ಟಿಯ ತುಂಬ ಸೊಳ್ಳೆಮರಿ, ತಳಕ್ಕೆ ತುಕ್ಕು. ಎಂಟು ದಿನ ಆಸ್ಪತ್ರೆಯಲ್ಲಿ ಕೂತು ನನ್ನನ್ನೇ ಶಪಿಸಿಕೊಂಡೆ. “ಕೂಲರ್ ಹಚ್ಚೋದು ಎಲ್ಲರಿಗೂ ಬರ್ತದ ಸಾಹೇಬರೇ, ಮುಚ್ಚಿಡೋದು ಕಲೀಬೇಕು,” ಅಂದರು ಪಕ್ಕದ ಮನೆಯ ಮರಾಠಿ ಹಿರಿಯರು.

ಅಂದಿನಿಂದ ಜೂನ್‌ನಲ್ಲಿ ನೀರು ಬಸಿದು, ತೊಟ್ಟಿ ಉಜ್ಜಿ, ಒಣಗಿಸಿ, ಬಟ್ಟೆ ಹೊದಿಸುತ್ತೇನೆ. ಅಕ್ಟೋಬರ್‌ನಲ್ಲಿ ಫೋನ್ ಮಾಡಿ, “ಪೈಪು ಖಾಲಿ ಮಾಡಿಸಿದೆಯೇನೋ?” ಅಂತ ಮಗನನ್ನು ಕೇಳುತ್ತೇನೆ. “ನಿಮ್ಮ ಕೂಲರ್ ಆಯ್ತಾ ಅಪ್ಪಾ?” ಅಂತಾನೆ ಅವನು.