ಯುಗಾದಿಯಿಂದ ಜಮಾಬಂದಿಯವರೆಗೆ



ಒಂದು ವರ್ಷದಲ್ಲಿ ಎಷ್ಟು ವರ್ಷ ಮುಗಿಯುತ್ತವೆ ಎಂದು ಯಾರಾದರೂ ಕೇಳಿದರೆ ನಗಬೇಡಿ. ನಮ್ಮ ಹಳ್ಳಿಗಳಲ್ಲಿ ನಾಲ್ಕು ಮುಗಿಯುತ್ತವೆ. ಯುಗಾದಿಗೆ ನಮ್ಮ ಮನೆಯಲ್ಲೂ ತೆಲುಗು ಮಾತಿನವರ ಮನೆಯಲ್ಲೂ ಬೇವು-ಬೆಲ್ಲ. ಏಪ್ರಿಲ್ 14ರ ಸುಮಾರಿಗೆ ಚಿತ್ತಿರೈ ಮೊದಲ ದಿನ, ತಮಿಳು ನೆರೆಯವರ ಹೊಸವರ್ಷ. ಈ ಎರಡರ ನಡುವೆಯೋ ಆಸುಪಾಸಿನಲ್ಲೋ ಮಾರ್ಚ್ 31, ಬ್ಯಾಂಕಿನವರ ವರ್ಷಾಂತ್ಯ. ಇದು ಅಷ್ಟು ಹಳೆಯದೂ ಅಲ್ಲ. 1989ರ ಮಾರ್ಚಿನಿಂದ ಈಚೆಗೆ ಬಂದದ್ದು. ಅದಕ್ಕೆ ಮುಂಚೆ ಬ್ಯಾಂಕುಗಳ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ನಾಲ್ಕನೆಯದು ಪಸಲಿ. ಅದು ಜುಲೈ 1ರಿಂದ ಜೂನ್ 30ರವರೆಗೆ.

ಈ ಪಸಲಿಯ ಲೆಕ್ಕ ತಿಳಿದಿರುವುದು ಒಳ್ಳೆಯದು, ಏಕೆಂದರೆ ನಿಮ್ಮ ಹೊಲದ ಕಾಗದದಲ್ಲಿ ಇರುವುದು ಅದೇ ವರ್ಷ. ಪಸಲಿ ಎಂದರೆ ಫಸಲು. ಅಕ್ಬರನ ಕಾಲದಲ್ಲಿ ಬೆಳೆಗೂ ಕಂದಾಯಕ್ಕೂ ಹೊಂದುವಂತೆ ಮಾಡಿದ ವರ್ಷ ಅದು. ಮದರಾಸು ಸೀಮೆಯಲ್ಲಿ ಮೊದಲು ಆಡಿ ತಿಂಗಳಿಗೆ, ಅಂದರೆ ಜುಲೈ 12ರ ಹೊತ್ತಿಗೆ, ಶುರುವಾಗುತ್ತಿತ್ತು. 1855ರಲ್ಲಿ ಅದನ್ನು ಜುಲೈ 1ಕ್ಕೆ ತಂದರು. ಅಡಂಗಲ್ಲಿನಲ್ಲಿ ಪಸಲಿ 1434 ಎಂದಿದ್ದರೆ ಅದಕ್ಕೆ 590 ಕೂಡಿಸಿ. 2024ರ ಜುಲೈಯಿಂದ 2025ರ ಜೂನ್‌ವರೆಗೆ ಎಂದು ತಿಳಿಯುತ್ತದೆ.

ಈ ಮುಗಿತಾಯಗಳೆಲ್ಲ ಬೇಸಿಗೆಯ ಆಚೀಚೆಗೇ ಏಕೆ ಬಂದವು? ರಾಗಿ, ಅವರೆ, ಹುರುಳಿ ಒಳಗೆ ಬಂದು ಕಣ ಬರಿದಾದ ಹೊತ್ತು ಅದು. ಮುಂದಿನ ಮಳೆಗೆ ಇನ್ನೂ ದಿನವಿದೆ. ಜಾತ್ರೆ, ಮದುವೆ, ಸಾಲ ತೀರಿಸುವುದು, ಕಿಸ್ತು ಕಟ್ಟುವುದು ಎಲ್ಲಕ್ಕೂ ಪುರುಸೊತ್ತು ಸಿಗುವುದು ಆಗಲೇ. ಊರಿಗೆ ವರ್ಷದ ಸುದ್ದಿ ಸಿಗುತ್ತಿದ್ದದ್ದೂ ಆಗಲೇ. ಯುಗಾದಿಯ ಸಂಜೆ ದೇವಸ್ಥಾನದ ಜಗುಲಿಯಲ್ಲಿ ಪಂಚಾಂಗ ಓದುತ್ತಿದ್ದರು. ಮಳೆ ಎಷ್ಟು, ಬೆಲೆ ಏನು, ಯಾವ ರಾಶಿಗೆ ಆಯವೆಷ್ಟು ವ್ಯಯವೆಷ್ಟು, ಗ್ರಹಣ ಯಾವಾಗ ಎಂಬುದೆಲ್ಲ ಅದರಲ್ಲಿತ್ತು. ಅದು ನಿಜವಾಗುತ್ತಿತ್ತೋ ಇಲ್ಲವೋ ಬೇರೆ ಮಾತು. ಊರಿನವರೆಲ್ಲ ಒಂದು ಕಡೆ ಕೂತು, ಒಬ್ಬ ಓದಿ ಹೇಳಿ, ತಮ್ಮ ಮಾತಿನಲ್ಲಿ ಕೇಳುತ್ತಿದ್ದರು. ಇದು ನಾನು ಇಂದು ಹೇಳಹೊರಟ ವಿಷಯಕ್ಕೆ ಬೇಕಾದದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಹಳೆಯ ಸೇಲಂ ಜಿಲ್ಲೆಗೆ ಮೂರು ಭಾಗ. ಕೆಳಗಿನದು ತಳಘಾಟು, ನಡುವೆ ಧರ್ಮಪುರಿ, ಕೃಷ್ಣಗಿರಿಯ ಬಾರಾಮಹಲು, ಮೇಲಿನದು ಹೊಸೂರು ಕಡೆಯ ಬಾಲಾಘಾಟು. 17ನೇ ಶತಮಾನದ ಕೊನೆಯ ಹೊತ್ತಿಗೆ ಚಿಕ್ಕದೇವರಾಜ ಒಡೆಯರು ಈ ಕಡೆಗೆ ಕೈಚಾಚಿದರು. ಅಠಾರಾ ಕಚೇರಿ ಎಂದು ಹದಿನೆಂಟು ಇಲಾಖೆ ಮಾಡಿದವರೂ, ಮೈಸೂರಿನಲ್ಲಿ ಅಂಚೆ ಏರ್ಪಡಿಸಿದವರೂ ಅವರೇ. ನಮ್ಮ ಮನೆಗಳಲ್ಲಿ ಇವತ್ತಿಗೂ ಒಂದೇ ಕಾಗದಕ್ಕೆ ಅಜ್ಜಿ ಅಂಚೆ ಎನ್ನುತ್ತಾಳೆ, ಮೊಮ್ಮಗ ತಪಾಲು ಎನ್ನುತ್ತಾನೆ. ಎರಡು ಸರ್ಕಾರಗಳ ಗುರುತು ಒಂದೇ ಮನೆಯಲ್ಲಿ ಉಳಿದಿದೆ.

ಆ ಕಾಲದ ಶಾನುಭೋಗರು ಲೆಕ್ಕ ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಚಿ ಇಟ್ಟ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಒರೆಸಬಹುದು ಎಂಬಲ್ಲಿಯೇ ಶಾನುಭೋಗರ ಬಲವೂ ಇತ್ತು ಅನ್ನಿ!

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟ. ಹೊಸೂರು ಕಡೆಯ ಬಾಲಾಘಾಟು ಸೇರಿದ್ದು 1799ರಲ್ಲಿ, ಟಿಪ್ಪು ಬಿದ್ದ ಮೇಲೆ. ಬಾರಾಮಹಲಿಗೆ ಕಂಪನಿ ಕಳಿಸಿದ ಅಧಿಕಾರಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್. ಅವನ ಕೈಕೆಳಗೆ ಬಂದ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಧರ್ಮಪುರಿಯಲ್ಲಿ ಸುಮಾರು ಏಳು ವರ್ಷ ಇದ್ದ. ಮುಂದೆ ಕರಾವಳಿಯ ಕನ್ನಡ ಜಿಲ್ಲೆಗೂ, ಆಮೇಲೆ ಬಳ್ಳಾರಿ ಕಡೆಗೂ ಹೋದ, ಕೊನೆಗೆ ಮದರಾಸಿನ ಗವರ್ನರೂ ಆದ. ಅವನ ಹೆಸರಿನ ಜೊತೆ ಸೇರಿಕೊಂಡಿರುವ ರೈತವಾರಿ ಪದ್ಧತಿಗೆ ಮೊದಲ ಪಾಠಶಾಲೆ ನಮ್ಮ ಬಾರಾಮಹಲು. ಸರ್ಕಾರ ನಡುವೆ ಜಮೀನ್ದಾರನನ್ನು ಇಡದೆ ಒಬ್ಬೊಬ್ಬ ರೈತನ ಜೊತೆಗೇ ಲೆಕ್ಕ ಇಟ್ಟುಕೊಳ್ಳುವುದು ಅದರ ಹುರುಳು. 1802ರ ನಂತರ ಸೇಲಂ ಸೀಮೆಯಲ್ಲಿ ಹಳ್ಳಿಗಳನ್ನು ಮಿಟ್ಟಾಗಳಾಗಿ ಕಟ್ಟಿ ಹರಾಜು ಹಾಕಿದ್ದೂ ಉಂಟು. ಆ ಕಥೆ ಈಗ ಬೇಡ.

ಒಬ್ಬೊಬ್ಬ ರೈತನ ಹೆಸರಲ್ಲಿ ಲೆಕ್ಕ ಎಂದ ಮೇಲೆ ಆ ಹೆಸರನ್ನು ಬರೆಯುವವನು ಬೇಕಲ್ಲ? ಕಲೆಕ್ಟರಿಗೆ ನಮ್ಮ ಮಾತು ಬಾರದು, ನಮಗೆ ಅವನ ಮಾತು ಬಾರದು. ಹಾಗಾಗಿ ಕಂಪನಿ ಬಂದರೂ ಶಾನುಭೋಗರು ಹೋಗಲಿಲ್ಲ, ಇನ್ನಷ್ಟು ಗಟ್ಟಿಯಾದರು. ತಮಿಳಿನವರು ಅವರನ್ನು ಕರ್ಣಂ ಎಂದರು. ಕಂದಾಯ ವಸೂಲಿಗೆ ಮಣಿಯಗಾರ ಅಥವಾ ಮುನ್ಸೀಪು, ಕಾವಲಿಗೆ ತಳವಾರ, ನೀರು ಬಿಡಲು ನೀರಗಂಟಿ, ಡಂಗುರ ಸಾರಲು ತೋಟಿ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಶಾನುಭೋಗರು ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ತಾಲ್ಲೂಕು ಕಚೇರಿಗೆ ಹೋಗುವುದೇ ಜಮಾಬಂದಿ. ಅಲ್ಲಿ ಪಸಲಿಯ ಲೆಕ್ಕ ತಾಳೆ ನೋಡಿ, ಹೊಲ ಅಳೆಯುವ ಸರಪಳಿಯನ್ನೂ ಪರೀಕ್ಷಿಸಿ, ಮೇಲಧಿಕಾರಿ ಸಹಿ ಹಾಕಬೇಕು.

ಈ ಲೆಕ್ಕ ಬರೀ ಹಣದ್ದಲ್ಲ. 1876ರಿಂದ 78ರವರೆಗಿನ ದೊಡ್ಡ ಬರ ನಮ್ಮ ಜಿಲ್ಲೆಯನ್ನು ತಿಂದ ಪರಿ ತಿಳಿಯುವುದು ಜನಗಣತಿಯ ಅಂಕಿಗಳಿಂದ. 1871ರಲ್ಲಿ ಸೇಲಂ ಜಿಲ್ಲೆಯ ಜನ 19 ಲಕ್ಷಕ್ಕೂ ಹೆಚ್ಚು. 1881ರಲ್ಲಿ 16 ಲಕ್ಷದ ಆಸುಪಾಸು. ಮೂರು ಲಕ್ಷಕ್ಕೂ ಮೀರಿದ ಜನ ಸತ್ತರೋ, ಊರು ಬಿಟ್ಟರೋ, ಹುಟ್ಟಲೇ ಇಲ್ಲವೋ.

ಶಾನುಭೋಗರನ್ನು ನಾನು ಹೊಗಳುತ್ತಿದ್ದೇನೆ ಎಂದು ಭಾವಿಸಬೇಡಿ. ಆ ಕೆಲಸ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಅದೂ ಕೆಲವೇ ಜಾತಿಗಳ ಮನೆಗಳಲ್ಲಿ. ಬೇಕಾದವರಿಗೆ ಒಂದು ಗೆರೆ, ಬೇಡದವರಿಗೆ ಒಂದು ಗೆರೆ. ಡಂಗುರದ ತೋಟಿಯ ಮಗನಿಗೆ ಡಂಗುರವೇ ಗತಿ. ಗ್ರಾಮದ ಹುದ್ದೆ ವಂಶದ ಆಸ್ತಿಯಲ್ಲ ಎಂದು ಸುಪ್ರೀಂ ಕೋರ್ಟು 1960ರಲ್ಲೇ ಹೇಳಿತು. ಗಡಿಯ ಆ ಕಡೆ ಕರ್ನಾಟಕದಲ್ಲಿ 1961ರ ಕಾನೂನು ಈ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯಿತು. ತಮಿಳುನಾಡಿನಲ್ಲಿ ಎಂ.ಜಿ.ಆರ್. ಸರ್ಕಾರ 1980ರ ನವೆಂಬರ್ 14ರಿಂದ ಕರ್ಣಂ, ಮುನ್ಸೀಪು ಹುದ್ದೆಗಳನ್ನು ರದ್ದು ಮಾಡಿತು. 1982ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಧ್ರದಲ್ಲಿ ಎನ್.ಟಿ.ಆರ್. ಸರ್ಕಾರ 1984ರಲ್ಲಿ ಇದೇ ಕೆಲಸ ಮಾಡಿತು. ಮೂರು ರಾಜ್ಯ ಕೂಡುವ ನಮ್ಮ ಮೂಲೆಯಲ್ಲಿ ಮೂರೂ ಕಡೆ ಹಳೆಯ ಕಡತ ಮುಚ್ಚಿತು. ಆಗಬೇಕಾದದ್ದೇ ಆಯಿತು ಎಂಬುದು ನನ್ನ ಅಭಿಪ್ರಾಯ.

ಆದರೆ ಹೋದವರ ಜೊತೆ ಒಂದು ಉಪಕಾರವೂ ಹೋಯಿತು. ಹೊಸ ವಿ.ಎ.ಓ. ಪರೀಕ್ಷೆ ಬರೆದು ಬಂದವರು, ಬೇರೆ ಊರಿನವರು. ತಮಿಳು ಬಲ್ಲರು, ನಮ್ಮ ಮಾತು ಬಲ್ಲವರು ಅಪರೂಪ. ಶಾನುಭೋಗ ಕಚೇರಿಯ ಭಾಷೆಯಲ್ಲಿ ಬರೆದು ಮನೆಯ ಭಾಷೆಯಲ್ಲಿ ಓದಿ ಹೇಳುತ್ತಿದ್ದ. ಈಗ ಬರೆಯುವವರು ಇದ್ದಾರೆ, ಓದಿ ಹೇಳುವವರಿಲ್ಲ.

ಇದರಿಂದ ಏನಾಯಿತು ಎಂದು ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಚೆನ್ನಾಗಿ ಕಾಣುತ್ತದೆ. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ತ-ದ, ಪ-ಬ ಕೂಡ ಹಾಗೆಯೇ. ತಮಿಳಿಗೆ ಅದು ಕೊರತೆಯಲ್ಲ, ಪದದಲ್ಲಿ ಅಕ್ಷರ ಕೂತ ಜಾಗ ನೋಡಿ ಅವರು ಸರಿಯಾಗಿಯೇ ಓದುತ್ತಾರೆ. ಕನ್ನಡದ ಹೆಸರು ಅದರೊಳಗೆ ಹೋದಾಗ ತೊಂದರೆ. ನಮ್ಮ ಹೊಸೂರು ಅಲ್ಲಿ ಓಸೂರ್ ಆಯಿತು, ಹೊಗೇನಕಲ್ಲು ಒಕೇನಕ್ಕಲ್ ಆಯಿತು. ಊರಿಗೆ ಅದರಿಂದ ನಷ್ಟವಿಲ್ಲ. ಮನುಷ್ಯನಿಗೆ ಉಂಟು. ಬಸಪ್ಪ ಎಂಬ ಹೆಸರು ಪಟ್ಟಾದಲ್ಲಿ ತಮಿಳಿನಲ್ಲಿ ಕೂರುತ್ತದೆ. ಮುಂದೊಂದು ದಿನ ಯಾರೋ ಅದನ್ನು ನೋಡಿ ಇಂಗ್ಲಿಷಿನಲ್ಲಿ ಪಸಪ್ಪ ಎಂದು ಬೆರಳಚ್ಚು ಮಾಡುತ್ತಾರೆ. ದೊಡ್ಡಯ್ಯ ತೊಟ್ಟಯ್ಯನಾಗುತ್ತಾನೆ. ಪಟ್ಟಾದಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. 1979ರಿಂದ 1987ರವರೆಗೆ ಸರ್ಕಾರ ಪಟ್ಟಾ ದಾಖಲೆಗಳನ್ನೆಲ್ಲ ಹೊಸದಾಗಿ ಬರೆಸಿತು. ಅದಕ್ಕೆ ಯು.ಡಿ.ಆರ್. ಎಂದು ಹೆಸರು. ಶಾನುಭೋಗರು ಹೋದದ್ದು ಆ ಕೆಲಸದ ನಡುವಿನಲ್ಲೇ ಎಂಬುದನ್ನು ಗಮನಿಸಿ. ಇವತ್ತು ಕಂಪ್ಯೂಟರಿನಲ್ಲಿ ಸಿಗುವ ಚಿಟ್ಟಾದ ಬುಡ ಅಲ್ಲಿದೆ. ಸೇಲಂ ಪಟ್ಟಣದಲ್ಲಿ ನೇಯುವ ಕನ್ನಡ ದೇವಾಂಗರಿಗೆ ಹೊಲದ ಚಿಟ್ಟಾ ಬೇಕಿಲ್ಲದಿರಬಹುದು, ಹೆಸರಿನ ಪಾಡು ಅವರಿಗೂ ತಪ್ಪಿದ್ದಲ್ಲ.

ಸಾಲಕ್ಕೆ ಬಂದ ಒಬ್ಬ ಅಜ್ಜಿ, ಕಾಗದ ತಾಳೆಯಾಗದೆ ಅರ್ಜಿ ಹಿಂದಕ್ಕೆ ಬಂದಾಗ, "ಏನಪ್ಪಾ, ಅರವತ್ತು ವರ್ಷದಿಂದ ಇದೇ ಹೆಸರಿಗೆ ಓಗೊಡ್ತಾ ಇದ್ದೀನಿ, ಈಗ ನಾನು ಯಾರು ಅಂತ ನೀವು ಹೇಳ್ಬೇಕಾ?" ಎಂದಳು. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ತರಲು ಹೇಳಿ ಕಳಿಸಿದೆವು. ನಿಯಮ ಹಾಗಿತ್ತು. ಹಿಂದೆ ಶಾನುಭೋಗ ಅಡಿಯಲ್ಲಿ ಒಂದು ಸಾಲು ಗೀಚಿದ್ದರೆ ಮುಗಿಯುತ್ತಿತ್ತು.

ಈ ನಡುವೆ ನಮ್ಮ ಹಳ್ಳಿಗಳು ಕೂತ ಜಾಗ ಬಿಡದೆ ಜಿಲ್ಲೆ ಬದಲಿಸಿದವು. 1965ರ ಅಕ್ಟೋಬರ್ 2ರಂದು ಸೇಲಂನಿಂದ ಧರ್ಮಪುರಿ ಬೇರೆಯಾಯಿತು. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಹೊಸೂರು ಕಡೆಯ ಒಬ್ಬ ಹಿರಿಯರು ಹುಟ್ಟಿದ್ದು ಒಂದು ಜಿಲ್ಲೆ, ಮದುವೆಯಾದದ್ದು ಒಂದು, ಪಿಂಚಣಿ ಪಡೆಯುವುದು ಇನ್ನೊಂದು. ಸುದ್ದಿಯ ದಾರಿಯೂ ಬದಲಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ಆಕಾಶವಾಣಿ ಶುರುವಾದ ಮೇಲೆ ಕನ್ನಡದ ವಾರ್ತೆ ಗಡಿ ದಾಟಿ ಬಂತು. ಆದರೆ ಅದರಲ್ಲಿ ನಮ್ಮ ತಾಲ್ಲೂಕಿನ ಪ್ರಕಟಣೆ ಇರುತ್ತಿರಲಿಲ್ಲ. ಅದಕ್ಕೆ ತಮಟೆಯೇ. 2022ರ ಆಗಸ್ಟಿನಲ್ಲಿ ತಮಿಳುನಾಡಿನ ಮುಖ್ಯ ಕಾರ್ಯದರ್ಶಿ, ತಮಟೆ ಬಡಿದು ಸಾರುವ ತಂಡೋರಾ ಬೇಡ, ಧ್ವನಿವರ್ಧಕ ಬಳಸಿ ಎಂದು ಆದೇಶಿಸಿದರು. ಒಂದು ಜಾತಿಯವರ ಹೆಗಲಿಗೇ ಆ ತಮಟೆ ಕಟ್ಟಿದ್ದು ನೋಡಿದವರು ಇದನ್ನು ತಪ್ಪೆನ್ನಲಾರರು. ಧ್ವನಿವರ್ಧಕದಲ್ಲಿ ತಮಿಳಿನ ಜೊತೆ ಕನ್ನಡದಲ್ಲೂ ನಾಲ್ಕು ಮಾತು ಹೇಳಿಸಿಕೊಳ್ಳುವುದು ಊರಿನವರ ಕೈಯಲ್ಲಿದೆ.

ಕೇಳಲು ನಮಗೆ ಅಧಿಕಾರವೂ ಇದೆ. 1956ರಲ್ಲಿ ರಾಜ್ಯಗಳನ್ನು ಭಾಷೆಯಂತೆ ವಿಂಗಡಿಸಿದಾಗಲೇ, ಒಂದು ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಮಂದಿ ಬೇರೆ ಮಾತಿನವರಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು ಎಂದು ಕೇಂದ್ರ ಸರ್ಕಾರ ಜ್ಞಾಪನಪತ್ರ ಹೊರಡಿಸಿತು. ಸಂವಿಧಾನದ 350ನೇ ವಿಧಿ ಇನ್ನೂ ಹತ್ತಿರದ್ದು. ಯಾವುದೇ ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ ಅದು. ಹಾಗೆಂದು ಬರೀ ಕನ್ನಡದಲ್ಲಿ ಬರೆದು ಹಟ ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ಎಡಕ್ಕೆ ಕನ್ನಡ, ಬಲಕ್ಕೆ ತಮಿಳು ಇರಲಿ. ಕೆಲಸ ಆಗುವುದು ಮುಖ್ಯ. ತಮಿಳು ನೆರೆಯ ಹುಡುಗನೊಬ್ಬ ಬರೆದುಕೊಟ್ಟರೆ ಅವನಿಗೊಂದು ಕಾಫಿ ಕೊಡಿಸಿ.

ಈಗ ಈ ಋತುವಿನ ಮಾತು. ಗ್ರಾಮಸಭೆ ಮೊದಲು ವರ್ಷಕ್ಕೆ ನಾಲ್ಕು ಬಾರಿ ಇತ್ತು. ಮಾರ್ಚ್ 22ರ ಜಲದಿನ, ನವೆಂಬರ್ 1 ಸೇರಿ ಆರಾಗಿದೆ. ಹಾಗಾಗಿ ವಸಂತದಲ್ಲಿ ಎರಡು ಸಿಗುತ್ತವೆ, ಮಾರ್ಚ್ 22 ಮತ್ತು ಮೇ 1. ನೀರಿನ ವಿಷಯವನ್ನು ಮಾರ್ಚಿನ ಸಭೆಯಲ್ಲೇ ಎತ್ತಿರಿ. ಹೊಗೇನಕಲ್ಲಿನ ಕುಡಿಯುವ ನೀರಿನ ಯೋಜನೆ 2013ರಲ್ಲಿ ಶುರುವಾದದ್ದೇ ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡುತ್ತಿದ್ದ ಧರ್ಮಪುರಿ, ಕೃಷ್ಣಗಿರಿ ಜನರಿಗಾಗಿ. ನಿಮ್ಮ ಬೀದಿಗೆ ಆ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂಬುದನ್ನು ಸಭೆಯ ಪುಸ್ತಕದಲ್ಲಿ ಬರೆಸಿ.

ಜಮಾಬಂದಿ ಸಾಮಾನ್ಯವಾಗಿ ಮೇ, ಜೂನ್ ತಿಂಗಳಲ್ಲಿ ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತದೆ. ಯಾವ ದಿನ ಯಾವ ಪಿರ್ಕಾ, ಯಾವ ಹಳ್ಳಿ ಎಂಬುದನ್ನು ವಿ.ಎ.ಓ. ಕಚೇರಿಯಲ್ಲಿ ಕೇಳಿ ತಿಳಿಯಿರಿ. ಆ ದಿನ ನಿಮ್ಮ ಊರಿನ ಪುಸ್ತಕ ಅಧಿಕಾರಿಯ ಮೇಜಿನ ಮೇಲೆ ತೆರೆದಿರುತ್ತದೆ. ಅಡಂಗಲ್ ಎರಡನೇ ನಂಬರಿನ ಲೆಕ್ಕ, ಚಿಟ್ಟಾ ಹತ್ತು-ಒಂದನೇ ನಂಬರಿನದು. ಹೋಗುವ ಮುಂಚೆ ಮನೆಯಲ್ಲೇ ಚಿಟ್ಟಾ, ಆಧಾರ್, ಪಾಸ್‌ಬುಕ್ಕು ಮೂರನ್ನೂ ಚಾಪೆಯ ಮೇಲೆ ಹರಡಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಓದಲು ಬಾರದ ಹಿರಿಯರಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಗಟ್ಟಿಯಾಗಿ ಓದಿಸಿ ಕೇಳಿರಿ. ವ್ಯತ್ಯಾಸ ಕಂಡರೆ ಹಳೆಯ ಕ್ರಯಪತ್ರ, ತಂದೆಯ ಹೆಸರಿನ ಹಳೆಯ ಪಟ್ಟಾ, ಕಂದಾಯದ ರಸೀತಿ ಸಿಕ್ಕಿದಷ್ಟು ಕೂಡಿಸಿ ನಕಲು ಮಾಡಿಸಿ. ಅರ್ಜಿಯಲ್ಲಿ ಸರ್ವೆ ನಂಬರು ಮೊದಲು, ಆಮೇಲೆ ಪುಸ್ತಕದಲ್ಲಿ ಇರುವ ಹೆಸರು, ಆಮೇಲೆ ಇರಬೇಕಾದ ಹೆಸರು. ಕೊಟ್ಟ ಮೇಲೆ ನಂಬರು ಹಾಕಿದ ರಸೀತಿ ಪಡೆಯದೆ ಅಲ್ಲಿಂದ ಏಳಬೇಡಿ.